ಚಿಕ್ಕಮಗಳೂರಿನಲ್ಲಿ ಬ್ರೇಕ್, ಸ್ಟೀರಿಂಗ್ ಕೆಲಸ: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಚಿಕ್ಕಮಗಳೂರಿನಲ್ಲಿ ಮನೆ ಕಾರಿನ ಬ್ರೇಕ್ ಅಥವಾ ಸ್ಟೀರಿಂಗ್ ತೋರಿಸಬೇಕೆಂದರೆ ಹೋಗಲು ಮೂರು ಬಗೆಯ ಜಾಗಗಳಿವೆ: ಕಂಪನಿ ಸರ್ವಿಸ್ ಸೆಂಟರ್, ಮೆಕ್ಯಾನಿಕ್ ಗ್ಯಾರೇಜ್, ಟೈರ್ ಅಂಗಡಿಯ ಜೊತೆಗಿರುವ ಅಲೈನ್‌ಮೆಂಟ್ ಸೆಂಟರ್. ಒಂದೊಂದಕ್ಕೂ ಕೈ ಪಳಗಿದ ಕೆಲಸ ಬೇರೆ. ಆದರೆ ನಾವಾಗಿ ಕೇಳದಿದ್ದರೆ ಮೂರು ಕಡೆಯೂ ಸುಲಭವಾಗಿ ಬಿಟ್ಟುಹೋಗುವ ಕೆಲಸ ಒಂದಿದೆ. ಅದೇ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸುವುದು. ಬಯಲುಸೀಮೆಯಲ್ಲಿ ಓಡುವ ಕಾರಿಗೆ ಅದು ಸ್ವಲ್ಪ ತಡವಾದರೂ ನಡೆದೀತು. ಮುಳ್ಳಯ್ಯನಗಿರಿ ಹತ್ತಿ ಇಳಿಯುವ, ಚಾರ್ಮಾಡಿ ಘಾಟಿ ದಾಟುವ ಕಾರಿಗೆ ನಡೆಯುವುದಿಲ್ಲ.

ಕಾರಣ ಶಾಖ. ಮುಳ್ಳಯ್ಯನಗಿರಿಯ ಶಿಖರ 1,930 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಪೇಟೆ ಹೆಚ್ಚುಕಡಿಮೆ 1,090 ಮೀಟರ್‌ನಲ್ಲಿದೆ. ಗಾಡಿ ನಿಲ್ಲಿಸುವುದು ಶಿಖರಕ್ಕಿಂತ ಕೆಳಗೆ ಎಂದು ಬಿಟ್ಟರೂ ಊರಿಗೆ ಬರುವಷ್ಟರಲ್ಲಿ 700 ಮೀಟರ್‌ನಷ್ಟು ಇಳಿದಿರುತ್ತೀರಿ. ಐದು ಜನ, ಸಾಮಾನು ಸೇರಿ 1,300 ಕಿಲೋ ತೂಗುವ ಕಾರು ಅಷ್ಟು ಇಳಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು 25 ಲೀಟರ್ ತಣ್ಣೀರನ್ನು ಕುದಿಸಬಹುದು. ಅದರಲ್ಲೊಂದು ಪಾಲು ಗಾಳಿಗೆ, ಟೈರಿನ ಉಜ್ಜಾಟಕ್ಕೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿಸಿದರೆ ದೊಡ್ಡ ಪಾಲನ್ನು ಇಂಜಿನ್ನೇ ತಡೆಯುತ್ತದೆ. ನಾಲ್ಕನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಗಿರಿಯ ತಪ್ಪಲಿನ ಕೈಮರದ ತನಕ ಬಂದರೆ ಬಹುಪಾಲು ಹೊರೆ ಮುಂದಿನ ಎರಡು ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಅಲ್ಲಿಂದ ಶಾಖ ಡಿಸ್ಕನ್ನು ಅಮುಕುವ ಪ್ಯಾಡ್‌ಗೆ, ಪ್ಯಾಡನ್ನು ತಳ್ಳುವ ಪಿಸ್ಟನ್‌ಗೆ, ಅದರ ಹಿಂದಿನ ಆಯಿಲ್‌ಗೆ ಇಳಿಯುತ್ತದೆ.

ಬ್ರೇಕ್ ಆಯಿಲ್‌ನ ದರ್ಜೆಗಳಿಗೆ ಡಾಟ್ ಎಂಬ ಹೆಸರಿದೆ. ಹೊಸ ಡಾಟ್ 3 ಆಯಿಲ್‌ನ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ, ಡಾಟ್ 4ರದು 230 ಡಿಗ್ರಿ ಇರಬೇಕೆಂಬುದು ನಿಯಮ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. 3.7 ಶೇಕಡಾ ನೀರು ಸೇರಿದ ಸ್ಥಿತಿಯಲ್ಲಿ ಅದೇ ಅಳತೆ ಡಾಟ್ 3ಕ್ಕೆ 140 ಡಿಗ್ರಿಗೆ, ಡಾಟ್ 4ಕ್ಕೆ 155 ಡಿಗ್ರಿಗೆ ಇಳಿಯುತ್ತದೆ. ಕುದಿದಲ್ಲಿ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಕಾಲಿನ ಒತ್ತಡ ಪ್ಯಾಡ್‌ಗೆ ತಲುಪದೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ. ಎಷ್ಟೋ ಸಲ ಇದು ಇಳಿಯುವಾಗ ಆಗದೆ, ಇಳಿದು ಕಾಫಿಗೆಂದು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟಾಗ ಆಗುತ್ತದೆ. ಗಾಡಿ ನಿಂತಾಗ ಡಿಸ್ಕ್‌ಗೆ ಗಾಳಿ ಬಡಿಯುವುದು ನಿಲ್ಲುತ್ತದೆ, ಒಳಗಿದ್ದ ಕಾವೆಲ್ಲ ಪ್ಯಾಡ್, ಪಿಸ್ಟನ್ ಹಿಡಿದಿರುವ ಕ್ಯಾಲಿಪರ್‌ಗೆ ಏರುತ್ತದೆ. ಮರುದಿನ ಗ್ಯಾರೇಜಿಗೆ ಹೋಗುವಷ್ಟರಲ್ಲಿ ಎಲ್ಲ ತಣ್ಣಗಾಗಿ ಪೆಡಲ್ ಗಟ್ಟಿಯಾಗಿರುತ್ತದೆ, "ಏನೂ ತೊಂದರೆ ಇಲ್ಲ ಸಾರ್" ಎಂಬ ಉತ್ತರ ಬರುತ್ತದೆ. ಹೀಗಾಗಿ ತೊಂದರೆ ಹೇಳುವಾಗ "ಬ್ರೇಕ್ ಸರಿ ಹಿಡಿಯುತ್ತಿಲ್ಲ" ಎಂದಷ್ಟೇ ಹೇಳಬೇಡಿ. ಇಳಿದ ಮೇಲೆ ಮೆತ್ತಗಾಯಿತು, ತಣ್ಣಗಾದ ಮೇಲೆ ಸರಿಹೋಯಿತು ಎಂದು ಬಿಡಿಸಿ ಹೇಳಿ. ಅನುಭವಿ ಮೆಕ್ಯಾನಿಕ್‌ಗೆ ಅಷ್ಟು ಸಾಕು.

ಬದಲಾಯಿಸುವ ಅವಧಿ ಬಹುತೇಕ ಕಾರುಗಳಿಗೆ ಎರಡು ವರ್ಷ ಅಥವಾ 40,000 ಕಿ.ಮೀ., ಯಾವುದು ಮೊದಲೋ ಅದು. ಮಲೆನಾಡಿನ ಮಳೆಗಾಲ ಕಂಡ ಕಾರಿಗೆ ಕಿಲೋಮೀಟರ್ ಮರೆತು ವರ್ಷವನ್ನೇ ಲೆಕ್ಕ ಹಿಡಿಯುವುದು ಒಳ್ಳೆಯದು. ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡುವ ತೋಟದ ಮನೆಯ ಕಾರಿನಲ್ಲೂ ಆಯಿಲ್ ನೀರು ಹೀರುತ್ತಲೇ ಇರುತ್ತದೆ. ಬಣ್ಣ ನೋಡಿ ತೀರ್ಮಾನಿಸುವುದು ಅರ್ಧ ಸರಿ. ಹೊಸದು ತಿಳಿ ಹಳದಿ ಇರುತ್ತದೆ. ಕಪ್ಪಾಗಿದ್ದರೆ ಬದಲಾಯಿಸಿಬಿಡಿ, ಆದರೆ ತಿಳಿಯಾಗಿದೆ ಎಂದ ಮಾತ್ರಕ್ಕೆ ನೀರಿಲ್ಲ ಎಂದಲ್ಲ. ಕೆಲವು ಕಡೆ ಪೆನ್ನಿನಂಥ ಟೆಸ್ಟರ್ ಅದ್ದಿ ನೀರಿನ ಪ್ರಮಾಣ ತೋರಿಸುತ್ತಾರೆ. ಅದು ಅಂದಾಜು ಮಾತ್ರ, ಮೂರು ಶೇಕಡಾ ತೋರಿಸಿದರೆ ವಾದ ಬೇಡ, ಬದಲಾಯಿಸಿ.

ಕೆಲಸ ಹೇಗಾಗಬೇಕು ಎಂಬುದು ಮುಖ್ಯ. ಬಾನೆಟ್ ಒಳಗೆ ಮೇಲಿರುವ ಬ್ರೇಕ್ ಆಯಿಲ್ ಡಬ್ಬಿಯ ಹಳೆ ಆಯಿಲನ್ನು ಸಿರಿಂಜ್‌ನಿಂದ ಎಳೆದು, ಹೊಸದು ತುಂಬಿ, ಒಂದೊಂದು ಚಕ್ರದ ಬ್ಲೀಡರ್ (ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ತೆರೆದು, ಪಾರದರ್ಶಕ ಪೈಪಿನಲ್ಲಿ ಹೊಸ ಆಯಿಲ್ ಗುಳ್ಳೆಯಿಲ್ಲದೆ ಬರುವ ತನಕ ಬಿಡಬೇಕು. ಸಾಮಾನ್ಯವಾಗಿ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರು, ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಅದು ಹಿಂದಿನ ಎಡಚಕ್ರ. ಕೆಲವು ಮಾಡೆಲ್‌ಗಳಿಗೆ ಕ್ರಮ ಬೇರೆ ಇದೆ, ಆ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ನಡುವೆ ಡಬ್ಬಿ ಖಾಲಿಯಾಗಲು ಬಿಟ್ಟರೆ ಗಾಳಿ ಒಳಗೆ ಸೇರಿ ಮೊದಲಿಂದ ಮಾಡಬೇಕಾಗುತ್ತದೆ. ಅರ್ಧ ಲೀಟರ್ ಬಾಟಲಿ ಎಷ್ಟೋ ಸಲ ಸಾಲದು, ಒಂದು ಲೀಟರ್ ಇಟ್ಟುಕೊಂಡರೆ ಕೊನೆಯ ಚಕ್ರಕ್ಕೆ ಕೈ ಬಿಗಿ ಹಿಡಿಯಬೇಕಾಗುವುದಿಲ್ಲ. ಸೀಲ್ ಒಡೆದು ತಿಂಗಳುಗಟ್ಟಲೆ ಶೆಲ್ಫಿನಲ್ಲಿ ಕೂತ ಬಾಟಲಿ ಬೇಡ ಎನ್ನಿ. ಡಬ್ಬಿಯ ಮುಚ್ಚಳದಲ್ಲಿ ಡಾಟ್ 4 ಎಂದಿದ್ದರೆ ಡಾಟ್ 3 ಹಾಕಿಸಬೇಡಿ. ಡಾಟ್ 3, 4, 5.1 ಒಂದೇ ಜಾತಿಯವು. ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಲೇಬಾರದು.

ಮೇಲಿನ ಡಬ್ಬಿಗೆ ಒಂದಿಷ್ಟು ಸುರಿದು "ಆಯಿಲ್ ಹಾಕಿದ್ದೇವೆ" ಎನ್ನುವುದು ಬದಲಾವಣೆಯಲ್ಲ. ಬಿಸಿ ತಿನ್ನುವ ಆಯಿಲ್ ಕ್ಯಾಲಿಪರ್‌ನಲ್ಲಿರುತ್ತದೆ, ಮೇಲೆ ಸುರಿದದ್ದು ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಅಷ್ಟೇ ಅಲ್ಲ, ಪ್ಯಾಡ್ ಸವೆದಂತೆ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ. ಮಿನಿಮಮ್ ಗೆರೆ ಹತ್ತಿರ ಬಂದರೆ ಮೊದಲು ಪ್ಯಾಡ್ ನೋಡಬೇಕು, ಆಮೇಲೆ ಲೀಕ್ ಹುಡುಕಬೇಕು. ನೋಡದೆ ತುಂಬಿಸಿಟ್ಟರೆ ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಆಯಿಲ್ ಉಕ್ಕುತ್ತದೆ. ಅದು ಪೇಂಟ್ ತಿನ್ನುತ್ತದೆ, ಚೆಲ್ಲಿದ ತಕ್ಷಣ ನೀರು ಹುಯ್ದು ತೊಳೆಯಬೇಕು.

ಈ ಕೆಲಸಕ್ಕೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಹೊಸ ಕಾರಾದರೆ ಕಂಪನಿ ಸರ್ವಿಸ್ ಸೆಂಟರ್‌ಗೇ ನಮ್ಮ ಓಟು. ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಅದನ್ನು ತೆಗೆಯಲು ಕೆಲವು ಮಾಡೆಲ್‌ಗಳಿಗೆ ಸ್ಕ್ಯಾನರ್ ಜೋಡಿಸಿ ಪಂಪ್ ಓಡಿಸಬೇಕು. ಹಳೆಯ ಸಾದಾ ಕಾರಿಗೆ ಊರಿನ ಗ್ಯಾರೇಜ್ ಧಾರಾಳವಾಗಿ ಸಾಕು. ಆಯಿಲ್ ಬೆಲೆ ಕೆಲವೇ ನೂರು ರೂಪಾಯಿ. ಇಡೀ ಕಾರಿನಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ರಕ್ಷಣೆ ಕೊಡುವ ಕೆಲಸ ಮತ್ತೊಂದಿಲ್ಲ.

ಇನ್ನು "ಬ್ರೇಕ್ ಸರ್ವಿಸ್" ಎಂಬ ಹೆಸರಿನಲ್ಲಿ ಬಿಲ್ಲಿಗೆ ಬರುವ ಕೆಲಸ. ಚಕ್ರ ಬಿಚ್ಚಿ, ಏರ್ ಹೊಡೆದು, ಪ್ಯಾಡ್‌ಗೆ ಮರಳು ಕಾಗದ ಉಜ್ಜಿ, ಮತ್ತೆ ಜೋಡಿಸಿ ಕೊಡುವುದಷ್ಟೇ ಆಗಿದ್ದರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಏರ್ ಹೊಡೆದರೆ ಬ್ರೇಕ್ ಧೂಳು ಕೆಲಸ ಮಾಡುವ ಹುಡುಗರ ಶ್ವಾಸಕೋಶಕ್ಕೆ ಹೋಗುತ್ತದೆ, ಬ್ರೇಕ್ ಕ್ಲೀನರ್ ಸ್ಪ್ರೇ ಹಾಕಿ ತೊಳೆಯುವುದೇ ಸರಿ. ದುಡ್ಡು ಕೊಡಬೇಕಾದ್ದು ಕ್ಯಾಲಿಪರ್ ಪಿನ್‌ಗೆ. ಪ್ರತಿ ಕ್ಯಾಲಿಪರ್‌ನಲ್ಲಿ ಎರಡು ಪಿನ್ ಇರುತ್ತವೆ, ಅವುಗಳ ಮೇಲೆ ಕ್ಯಾಲಿಪರ್ ಆಚೀಚೆ ಸರಿಯಬೇಕು. ರಬ್ಬರ್ ಬೂಟ್ ಹರಿದು ನಮ್ಮ ಕೆಂಪು ಕೆಸರು ಒಳಹೊಕ್ಕರೆ ಪಿನ್ ತುಕ್ಕು ಹಿಡಿದು ಕೂರುತ್ತದೆ. "ಅಣ್ಣ, ಪಿನ್ ತೆಗೆದು ತೋರಿಸಿ" ಎನ್ನಲು ಸಂಕೋಚ ಬೇಡ. ಕೈಯಲ್ಲಿ ತಳ್ಳಿದರೆ ನುಣ್ಣಗೆ ಸರಿಯಬೇಕು. ಒರೆಸಿ, ತುಕ್ಕು ತೆಗೆದು, ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಬೇಕು. ಬೇರಿಂಗ್‌ಗೆ ಹಾಕುವ ಸಾದಾ ಗ್ರೀಸ್ ಹಚ್ಚಿದರೆ ಬೂಟ್ ಉಬ್ಬಿ ಪಿನ್ ಇನ್ನಷ್ಟು ಬಿಗಿಯುತ್ತದೆ.

ಪಿನ್ ಹಿಡಿದಿದೆಯೋ ಇಲ್ಲವೋ ಎಂದು ಬಿಚ್ಚಿದ ಪ್ಯಾಡ್‌ಗಳೇ ಹೇಳುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಳಗಿನದು ಮೂರು ಮಿ.ಮೀ.ಗೆ ಬಂದು ಹೊರಗಿನದು ಎಂಟು ಮಿ.ಮೀ. ಉಳಿದಿದ್ದರೆ ಪಿಸ್ಟನ್ ಒಳಪ್ಯಾಡನ್ನು ಒತ್ತುತ್ತಿದೆ, ಕ್ಯಾಲಿಪರ್ ಸರಿದು ಬಂದು ಹೊರಪ್ಯಾಡನ್ನು ಎಳೆಯುತ್ತಿಲ್ಲ. ಇಂಥ ಕಡೆ ಪಿನ್ ಸರಿಮಾಡದೆ ಹೊಸ ಪ್ಯಾಡ್ ಹಾಕಿಸಿದರೆ ಅದೂ ಹೀಗೇ ಸವೆಯುತ್ತದೆ. ಹೊಸ ಪ್ಯಾಡ್‌ನ ಉಜ್ಜುವ ಭಾಗ ಸುಮಾರು ಹತ್ತು ಮಿ.ಮೀ. ಇರುತ್ತದೆ. ಮೂರಕ್ಕೆ ಇಳಿದರೆ ಬದಲಾಯಿಸಿ, ಎಡಬಲ ಜೋಡಿಯಾಗಿಯೇ. ಹೊಸದು ಹಾಕಿದ ದಿನವೇ ಘಾಟಿ ಇಳಿಯಬೇಡಿ. ಕಡೂರು ರಸ್ತೆಯ ಬಯಲಿನಲ್ಲಿ ಹಿಂದೆ ಗಾಡಿ ಇಲ್ಲದಾಗ 60ರಿಂದ 10 ಕಿ.ಮೀ. ವೇಗಕ್ಕೆ ಮೆಲ್ಲಗೆ ಎಂಟು ಹತ್ತು ಸಲ ಬ್ರೇಕ್ ಹಿಡಿದು, ನಡುನಡುವೆ ತಣ್ಣಗಾಗಲು ಬಿಟ್ಟರೆ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳುತ್ತದೆ.

ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆದರೆ ದೋಷ ಬಲಗಡೆಯ ಚಕ್ರದಲ್ಲಿರುವ ಸಂಭವ ಹೆಚ್ಚು. ಬಲಗಡೆ ಹಿಡಿಯುತ್ತಿಲ್ಲ, ಎಡಗಡೆ ಹಿಡಿಯುತ್ತಿದೆ. ಬ್ರೇಕ್ ಬಿಟ್ಟ ಮೇಲೂ ಎಳೆಯುತ್ತಿದ್ದು ಆ ಕಡೆಯ ಚಕ್ರದ ಹತ್ತಿರ ಕೈ ಒಯ್ದರೆ ಕಾವು, ಸುಟ್ಟ ವಾಸನೆ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ ಎಂದರ್ಥ. ಆಗ ಪಿಸ್ಟನ್ ಜಾಮ್ ಆಗಿರಬಹುದು, ಇಲ್ಲವೆ ರಬ್ಬರ್ ಹೋಸ್ ಒಳಗೆ ಸುಲಿದು ಆಯಿಲ್ ಹಿಂದೆ ಬರಲು ಬಿಡದಿರಬಹುದು. ಹೋಸ್ ಹೊರಗಿಂದ ಚೆನ್ನಾಗೇ ಕಾಣುತ್ತದೆ. ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ.

ಪೆಡಲ್‌ನ ವರ್ತನೆಯಿಂದ ದೋಷ ಹಿಡಿಯುವುದು ಕಷ್ಟವಲ್ಲ. ಒತ್ತಿದಾಗ ಸ್ಪಂಜಿನಂತಾಗಿ ಎರಡು ಮೂರು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ ಎಂದರೆ ಗಾಳಿ ಸೇರಿದೆ ಅಥವಾ ಹಿಂದಿನ ಡ್ರಮ್‌ನಲ್ಲಿ ಲೈನರ್ (ಡ್ರಮ್‌ಗೆ ಉಜ್ಜುವ ಭಾಗ) ಗ್ಯಾಪ್ ಜಾಸ್ತಿಯಾಗಿದೆ. ಒಂದೇ ಸಮನೆ ಒತ್ತಿ ಹಿಡಿದಾಗ ಮೆಲ್ಲಮೆಲ್ಲಗೆ ಕೆಳಗಿಳಿದರೆ ಎಲ್ಲೋ ಲೀಕ್ ಇದೆ, ಹೊರಗೆಲ್ಲೂ ಒದ್ದೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ನ ಒಳಸೀಲ್ ಹೋಗಿದೆ. ಕಲ್ಲಿನಂತೆ ಗಟ್ಟಿಯಾಗಿ ಕಾರು ನಿಲ್ಲಿಸಲು ಬಲ ಬೇಕಾದರೆ ಕಾಲಿನ ಒತ್ತಡ ಹೆಚ್ಚಿಸಿಕೊಡುವ ಬೂಸ್ಟರ್ ಕಡೆ ನೋಡಬೇಕು. ಅದನ್ನು ಮನೆ ಮುಂದೆಯೇ ಪರೀಕ್ಷಿಸಬಹುದು: ಇಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿ ಇದೆ. ಇಳಿಯದಿದ್ದರೆ ಬೂಸ್ಟರ್ ಬದಲಿಸುವ ಮೊದಲು ಅದಕ್ಕೆ ಹೋಗುವ ವ್ಯಾಕ್ಯೂಮ್ ಪೈಪ್ ಮತ್ತು ಅದರಲ್ಲಿರುವ ಒನ್‌ವೇ ವಾಲ್ವ್ ನೋಡಿಸಿ. ಪೈಪ್ ಬಿರುಕಿಗೆ ಬೂಸ್ಟರ್ ಬಿಲ್ ಮಾಡಿಸಿಕೊಳ್ಳುವುದು ಶುದ್ಧ ನಷ್ಟ.

ಬ್ರೇಕ್ ಹಿಡಿದಾಗ ಸ್ಟೀರಿಂಗ್ ಅದುರಿದರೆ ಸಾಮಾನ್ಯವಾಗಿ "ಡಿಸ್ಕ್ ಬೆಂಡ್ ಆಗಿದೆ, ಲೇತ್‌ಗೆ ಹಾಕೋಣ" ಎನ್ನುತ್ತಾರೆ, ಎಂದರೆ ಯಂತ್ರದಲ್ಲಿ ಡಿಸ್ಕ್ ಮುಖ ಕೆತ್ತಿ ಸಮ ಮಾಡುವುದು. ತಡೆಯಿರಿ. ಡಿಸ್ಕ್ ಮತ್ತು ಅದು ಕೂರುವ ಹಬ್ ನಡುವೆ ತುಕ್ಕಿನ ಪದರ ಇದ್ದರೂ, ಚಕ್ರದ ನಟ್‌ಗಳನ್ನು ಗನ್‌ನಿಂದ ಏರುಪೇರಾಗಿ ಬಿಗಿದಿದ್ದರೂ ಅದೇ ಅದುರು ಬರುತ್ತದೆ. ಮೊದಲು ಹಬ್ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ, ಡಿಸ್ಕ್ ಕೂರಿಸಿ, ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಬೇಕು. ಡಿಸ್ಕ್‌ನ ಓಲಾಟ ಕೂದಲೆಳೆಯಷ್ಟು, ಎಂದರೆ 0.1 ಮಿ.ಮೀ. ದಾಟಿದರೆ ಮಾತ್ರ ಮುಂದಿನ ಮಾತು. ಲೇತ್‌ಗೆ ಹಾಕುವುದೇ ಆದರೆ ಡಿಸ್ಕ್ ಮೇಲೆ ಕೊರೆದಿರುವ ಕನಿಷ್ಠ ದಪ್ಪವನ್ನು ಓದಿ ವರ್ನಿಯರ್‌ನಲ್ಲಿ ಅಳೆಯಿರಿ. ಅದಕ್ಕಿಂತ ತೆಳುವಾಗುವಂತಿದ್ದರೆ ಹೊಸ ಜೋಡಿಯೇ ಗತಿ. ತೆಳು ಡಿಸ್ಕ್ ಬೇಗ ಕಾಯುತ್ತದೆ, ಘಾಟಿಗೆ ಅದು ಕೂಡದು. ಗೇಜ್ ಇಟ್ಟುಕೊಂಡ ಗ್ಯಾರೇಜ್ ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಬಿಡಬೇಡಿ.

ಹಿಂದಿನ ಡ್ರಮ್ ವಿಚಾರ ಸಂಕ್ಷೇಪದಲ್ಲಿ ಮುಗಿಯುತ್ತದೆ. ಲೈನರ್‌ಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಮಡಿಸಿ ನೋಡಿದಾಗ ಒದ್ದೆ ಇದ್ದರೆ ಬದಲಾಯಿಸಿ. ಆಯಿಲ್ ಹೀರಿದ ಲೈನರ್ ತೊಳೆದರೆ ಸರಿಹೋಗುವುದಿಲ್ಲ. ಆಷಾಢದ ಮಳೆಯಲ್ಲಿ ವಾರಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಲೈನರ್ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಬಿಡಿ. ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕ್‌ಗೆ ಕರಕರ ಸದ್ದು ಬಂದು ನಿಂತರೆ ಡಿಸ್ಕ್ ಮೇಲಿನ ರಾತ್ರಿಯ ತುಕ್ಕು, ಅದಕ್ಕೆ ಗ್ಯಾರೇಜ್ ಬೇಡ.

ಸ್ಟೀರಿಂಗ್‌ಗೆ ಬಂದರೆ ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟದ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿ ಮೊದಲು ಸೋಲುವುದು ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು), ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿರುವ ಕೆಳತೋಳಿನ ರಬ್ಬರ್), ಲಿಂಕ್ ರಾಡ್ (ಸಸ್ಪೆನ್ಶನ್‌ನ ಸಣ್ಣ ಕಂಬಿ). ಇವನ್ನು ಪರೀಕ್ಷಿಸಲು ಯಂತ್ರ ಬೇಡ. ಮುಂದಿನ ಚಕ್ರ ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಅಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ರ್ಯಾಕ್ ಎಂಡ್ (ಸ್ಟೀರಿಂಗ್ ತಿರುಗಿಸಿದಾಗ ಆಚೀಚೆ ಸರಿಯುವ ಹಲ್ಲಿನ ದಂಡವೇ ರ್ಯಾಕ್, ಅದರ ತುದಿಯ ಕೀಲು). 12 ಮತ್ತು 6ರಲ್ಲಿ ಆಟ ಇದ್ದರೆ ಬಾಲ್ ಜಾಯಿಂಟ್ (ಚಕ್ರವನ್ನು ಲೋವರ್ ಆರ್ಮ್‌ಗೆ ಸೇರಿಸುವ ಕೀಲು) ಅಥವಾ ವೀಲ್ ಬೇರಿಂಗ್. ಇವೆರಡರಲ್ಲಿ ಯಾವುದೆಂದು ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಇಷ್ಟು ನೋಡಿ ಹೇಳುವ ಮೆಕ್ಯಾನಿಕ್ ಮಾತಿಗೆ ಬೆಲೆ ಕೊಡಿ. ಬಾನೆಟ್ ತೆರೆಯುತ್ತಲೇ "ರ್ಯಾಕ್ ಹೋಗಿದೆ" ಎನ್ನುವವರ ಮಾತಿಗೆ ಬೇಡ. ಚಕ್ರ ನೆಟ್ಟಗಿದ್ದು ಸ್ಟೀರಿಂಗನ್ನು ಆಚೀಚೆ ಆಡಿಸಿದಾಗ ಅಂಚಿನಲ್ಲಿ ಅಳೆದ ಸಡಿಲ 30 ಮಿ.ಮೀ. ದಾಟದಿದ್ದರೆ ಹೆಚ್ಚಿನ ಸಣ್ಣ ಕಾರುಗಳಿಗೆ ಅದು ಮಿತಿಯೊಳಗೇ ಇದೆ.

ರ್ಯಾಕ್ ಬಗ್ಗೆ ಒಂದು ಎಚ್ಚರಿಕೆ. ಸದ್ದು ಬಂದರೆ ಅಡಿಯ ಅಡ್ಜಸ್ಟರ್ ತಿರುಗಿಸಿ "ಟೈಟ್ ಮಾಡಿ" ಕೊಡುವ ರೂಢಿ ಇದೆ. ರ್ಯಾಕ್ ಸವೆಯುವುದು ನೇರ ಓಡಿಸುವಾಗ ಕೆಲಸ ಮಾಡುವ ನಡುಭಾಗ, ತುದಿಗಳು ಹೊಸದರಂತೆ ಇರುತ್ತವೆ. ನಡುವಿನ ಸಡಿಲಕ್ಕೆ ಬಿಗಿದರೆ ತಿರುವಿನಲ್ಲಿ ಸ್ಟೀರಿಂಗ್ ಹಿಡಿದುಕೊಂಡು ವಾಪಸ್ ಬರುವುದಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಇದು ಅಪಾಯ. ರ್ಯಾಕ್ ಬೂಟ್ ಹರಿದಿರುವುದನ್ನು ಮಳೆಗಾಲಕ್ಕೆ ಮುಂಚೆ ಕಂಡು ಬದಲಾಯಿಸಿದರೆ ಈ ತನಕ ಬರುವುದೇ ಇಲ್ಲ.

ಸ್ಟೀರಿಂಗ್ ಭಾರವಾದರೆ ಮೊದಲು ಗಾಳಿ ನೋಡಿ, ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಪಿಎಸ್‌ಐ ಪ್ರಕಾರ, ಟೈರ್ ತಣ್ಣಗಿರುವಾಗ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನ ದೀಪ ಹತ್ತಿದರೆ ಮೊದಲು ಬ್ಯಾಟರಿ ಅಳೆಯಿಸಿ: ಇಂಜಿನ್ ಆಫ್ ಇರುವಾಗ 12.6 ವೋಲ್ಟ್ ಆಸುಪಾಸು, ಓಡುವಾಗ 14ರ ಆಸುಪಾಸು ಬರಬೇಕು. ಬ್ಯಾಟರಿ ಸೋತರೆ ಮೋಟಾರ್‌ಗೆ ಬೇಕಾದ ಕರೆಂಟ್ ಸಿಗುವುದಿಲ್ಲ. ತೋಟದ ಮನೆಗಳಲ್ಲಿ ಇಲಿ ಕಡಿದ ವೈರ್ ಕೂಡ ಅಪರೂಪವಲ್ಲ. ಎಬಿಎಸ್ ದೀಪಕ್ಕೂ ಅಷ್ಟೇ, ಚಕ್ರದ ಸೆನ್ಸರ್‌ಗೆ ಮೆತ್ತಿದ ಕೆಸರು, ಕಡಿದ ವೈರ್ ನೋಡದೆ ಸೆನ್ಸರ್ ಬದಲಿಸಬೇಡಿ. ಈ ಎಲೆಕ್ಟ್ರಿಕ್ ಕೆಲಸಗಳಿಗೆ ಸ್ಕ್ಯಾನರ್ ಇರುವ ಕಡೆಯೇ ಹೋಗಿ.

ಅಲೈನ್‌ಮೆಂಟ್ ಸೆಂಟರ್‌ನ ಯಂತ್ರಗಳು ಚೆನ್ನಾಗಿಯೇ ಇರುತ್ತವೆ, ಸಮಸ್ಯೆ ಬರುವುದು ಕ್ರಮದಲ್ಲಿ. ಗಾಳಿ ಸರಿ ಮಾಡಿ, ಸಡಿಲ ಭಾಗ ಬದಲಾಯಿಸಿ, ಆಮೇಲೆ ಅಲೈನ್‌ಮೆಂಟ್. ಟೈ ರಾಡ್ ಎಂಡ್ ಆಡುತ್ತಿರುವ ಕಾರಿಗೆ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹೊಂದಿಸಿದರೆ ಮೊದಲ ಗುಂಡಿಗೇ ಅದು ಹೋಗುತ್ತದೆ. ಕೆಲಸಕ್ಕೆ ಮೊದಲಿನ ಮತ್ತು ನಂತರದ ಎರಡೂ ಪ್ರಿಂಟ್ ಕೇಳಿ ಪಡೆಯಿರಿ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಕಂಪನಿಯಿಂದ ಬಂದಂತೆ ಹೊಂದಿಸಲು ಸಾಧ್ಯವಿರುವುದು ಮುಂದಿನ ಟೋ ಮಾತ್ರ. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆ) ಕೆಂಪಿನಲ್ಲಿ ತೋರಿಸಿದರೆ ಬುಷ್ ಸವೆದಿರುವ, ಇಲ್ಲವೆ ಲೋವರ್ ಆರ್ಮ್ ಅಥವಾ ಸ್ಟ್ರಟ್ (ಚಕ್ರದ ಮೇಲಿನ ಶಾಕ್ ಅಬ್ಸಾರ್ಬರ್ ಕಂಬ) ಬಾಗಿರುವ ಸೂಚನೆ ಅದು. ಜಾಕ್ ಹಾಕಿ ಸ್ಟ್ರಟ್ಟನ್ನೇ ಬಗ್ಗಿಸಿ "ಕ್ಯಾಂಬರ್ ಸರಿ ಮಾಡಿದೆವು" ಎಂದು ಬಿಲ್ ಕೊಡುವ ಪದ್ಧತಿಗೆ ಖಡಾಖಂಡಿತವಾಗಿ ಒಪ್ಪಬೇಡಿ. ಬ್ರೇಕ್ ಹಿಡಿಯದೆಯೇ 80–100ರ ವೇಗದಲ್ಲಿ ಅದುರಿದರೆ ಅದು ಬ್ಯಾಲೆನ್ಸಿಂಗ್ ಕೆಲಸ, ಅಲೈನ್‌ಮೆಂಟ್‌ದಲ್ಲ. ಅಲೈನ್‌ಮೆಂಟ್ ಆದ ಮೇಲೂ ಒಂದೇ ಕಡೆ ಎಳೆದರೆ ಮುಂದಿನ ಎರಡು ಟೈರ್ ಅದಲುಬದಲು ಮಾಡಿಸಿ. ಎಳೆಯುವ ದಿಕ್ಕು ಬದಲಾದರೆ ದೋಷ ಟೈರಿನದು. ರಸ್ತೆಯ ಓರೆಯಿಂದ ಎಡಕ್ಕೆ ಚೂರು ಸರಿಯುವುದು ಎಲ್ಲ ಕಾರಿಗೂ ಇದೆ.

ಒಟ್ಟಿನಲ್ಲಿ ಪಿನ್, ಡ್ರಮ್, ಬುಷ್, ಟೈ ರಾಡ್ ಕೆಲಸಕ್ಕೆ ಊರಿನ ಒಳ್ಳೆಯ ಮೆಕ್ಯಾನಿಕ್ ಗ್ಯಾರೇಜೇ ನಮ್ಮ ಮೊದಲ ಆಯ್ಕೆ, ಬಿಚ್ಚಿದ ಹಳೆ ಸಾಮಾನು ಕೈಗೆ ಕೊಡುವಂತಿರಬೇಕು. ಪೆಡಲ್ ನೆಲಕ್ಕೆ ತಾಗುತ್ತಿದ್ದರೆ, ಚಕ್ರದ ಒಳಮುಖದಲ್ಲಿ ಆಯಿಲ್ ಹರಿದಿದ್ದರೆ, ಟೈ ರಾಡ್ ಎಂಡ್ ಕೈಯಲ್ಲೇ ಅಲ್ಲಾಡುತ್ತಿದ್ದರೆ ಯಾವ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಗಾಡಿ ಹೊರುವ ಲಾರಿಯ ಮೇಲೇರಿಸಿ ಸಾಗಿಸಿ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮೊದಲು ಇಂಜಿನ್ ಓಡುತ್ತಿರುವಾಗ ನಿಂತಲ್ಲೇ ಅರ್ಧ ನಿಮಿಷ ಪೆಡಲ್ ಒತ್ತಿ ಹಿಡಿದು ನೋಡಿ. ಆಮೇಲೆ 20ರ ವೇಗದಲ್ಲಿ ಒಂದು ಸಲ, ಖಾಲಿ ನೇರ ರಸ್ತೆಯಲ್ಲಿ 50–60ರ ವೇಗದಲ್ಲಿ ಸ್ಟೀರಿಂಗ್ ಹಗುರಾಗಿ ಹಿಡಿದು ಇನ್ನೊಂದು ಸಲ ಬ್ರೇಕ್ ಹಿಡಿಯಿರಿ, ಮೆಕ್ಯಾನಿಕ್ ಪಕ್ಕದಲ್ಲೇ ಕೂತಿರಲಿ. ಚಕ್ರದ ನಟ್‌ಗಳನ್ನು ಎದುರುಬದುರಿನ ಕ್ರಮದಲ್ಲಿ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಸಿ. ಹೆಚ್ಚಿನ ಮನೆ ಕಾರುಗಳಿಗೆ ಅದು 85ರಿಂದ 120 ನ್ಯೂಟನ್ ಮೀಟರ್ ಒಳಗಿರುತ್ತದೆ, ಸರಿಯಾದ ಅಂಕಿ ನಿಮ್ಮ ಕಾರಿನ ಪುಸ್ತಕದಲ್ಲಿದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಅದೇ ಸ್ಪ್ಯಾನರ್‌ನಲ್ಲಿ ಇನ್ನೊಮ್ಮೆ ನೋಡಿಸಿ, ಗಿರಿಯ ಕಡೆ ಹೊರಡುವುದಿದ್ದರೆ ಅದಕ್ಕೆ ಮುಂಚೆಯೇ.